ನೊಗಕ್ಕೆ ಮುಂಚಿನ ದಿನಗಳು

ಮುಂಡಗೋಡ ತಾಲ್ಲೂಕಿನ ಪಾಳಾದಲ್ಲಿ ನನ್ನ ಅಕ್ಕನ ಮನೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಸೆರಗಿನ ಊರು ಅದು. ಮುಂಗಾರಿನ ಮೊದಲ ಹದಕ್ಕೆ ಕೂರಿಗೆಯಿಂದ ಭತ್ತ ಬಿತ್ತುವವರ ನಾಡು. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋದಾಗ ಭಾವನವರ ಜೋಡೆತ್ತಿನಲ್ಲಿ ಎಡಗಡೆಯದು ಹಿಂಗಾಲೆಳೆದು ನಡೆಯುತ್ತಿತ್ತು. ಮಲಗಿದ್ದು ಎದ್ದರೆ ಕಾಲು ಹಿಂದಕ್ಕೆ ಚಾಚಿ ಕೋಲಿನಂತೆ ನಿಂತುಬಿಡುವುದು. ಗೊರಸಿನ ತುದಿ ನೆಲವನ್ನು ಗೀರುವುದು. ನಾಲ್ಕು ಹೆಜ್ಜೆಯಾದ ಮೇಲೆ ಝಾಡಿಸಿದಂತೆ ಮಡಿಚಿಕೊಳ್ಳುವುದು. ಮಂಡಿಯ ಚಿಪ್ಪು ಮೇಲೆ ಸಿಕ್ಕಿಕೊಂಡು ಬರುವ ಬಾಧೆ ಇದು. ನಮ್ಮ ದೇಶದ ದುಡಿಯುವ ದನಗಳಲ್ಲಿ ಅಪರೂಪವೇನಲ್ಲ. ಚಿಪ್ಪನ್ನು ಕೆಳಗೆ ಹಿಡಿದಿರುವ ಮೂರು ಕಟ್ಟುಗಳಲ್ಲಿ ಒಳಮಗ್ಗುಲಿನದನ್ನು ಕತ್ತರಿಸಿದರೆ ಬಿಡುಗಡೆ. ಪಶುವೈದ್ಯರು ಬಂದು, ಚುಚ್ಚುಮದ್ದಿನಿಂದ ಜಾಗವನ್ನು ಮರಗಟ್ಟಿಸಿ, ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತಿನಲ್ಲಿ ಕೆಲಸ ಮುಗಿಸಿದರು. ಎತ್ತು ಎದ್ದು ನೆಟ್ಟಗೆ ನಡೆಯಿತು.

ತೊಂದರೆ ಪ್ರಾರಂಭವಾದದ್ದು ಅಲ್ಲಿಂದ.

ಕೆಲವು ವಾರ ನೊಗ ಬೇಡವೆಂದು ವೈದ್ಯರು ಹೇಳಿ ಹೋಗಿದ್ದರು. ಐದನೆಯ ದಿನ ಮಳೆ ಬಿತ್ತು. ಹದ ಯಾರಿಗಾಗಿಯೂ ಕಾಯುವುದಿಲ್ಲ. ಭಾವನವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ನೋಡಪ್ಪ, ಅದರ ಕಾಲು ಈಗ ನಿನ್ನ ಕಾಲಿಗಿಂತ ನೆಟ್ಟಗಿದೆ. ಹಗ್ಗ ಬಿಚ್ಚಿದರೆ ತಾನೇ ಬಂದು ನೊಗದ ಹತ್ತಿರ ನಿಲ್ತದೆ. ಇದರಲ್ಲಿ ನನ್ನ ಬಲವಂತ ಎಲ್ಲಿ ಬಂತು?” ಎಂದರು.

“ಡಾಕ್ಟರು ಬೇಡ ಅಂದಿದಾರಲ್ಲ, ಭಾವ.”

“ಡಾಕ್ಟರು ಹೇಳಿದ್ದು ಎತ್ತಿಗೆ ತಿಳಿದಿಲ್ಲ.”

ಈ ಮಾತಿಗೆ ನಾನು ಆಗ ನಕ್ಕೆ. ಆದರೆ ಇಡೀ ಪ್ರಶ್ನೆ ಅದರಲ್ಲೇ ಇತ್ತು. ಎತ್ತು ನೊಗದ ಬಳಿ ಬಂದು ನಿಂತದ್ದು ಒಪ್ಪಿಗೆಯೇ? ಎಷ್ಟೋ ವರ್ಷ ಬೆಳಗಾದರೆ ಅಲ್ಲಿ ನಿಂತ ಪ್ರಾಣಿ ಅಲ್ಲಿಯೇ ನಿಲ್ಲುತ್ತದೆ. ನಾವು ಕಲಿಸಿದ ಪಾಠವನ್ನು ಅದು ಒಪ್ಪಿಸಿದರೆ, ಅದನ್ನೇ ಅದರ ಸಾಕ್ಷ್ಯವೆಂದು ನಮ್ಮ ಕಡೆಗೆ ಬರೆದುಕೊಳ್ಳುತ್ತೇವೆ.

ಕುದುರೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಇದೇ ಶಸ್ತ್ರಕ್ರಿಯೆಯನ್ನು ಕುದುರೆಗೂ ಮಾಡುವುದುಂಟು. ಕೂಡಲೇ ಅದೂ ಸೊಗಸಾಗಿ ನಡೆಯುತ್ತದೆ. ಆದರೆ ಬೇಗ ಓಡಿಸಿದರೆ, ಒಂದು ಕಡೆಯ ಆಸರೆ ತಪ್ಪಿದ ಚಿಪ್ಪಿನ ತುದಿ ಒಳಗೊಳಗೇ ಚೂರಾಗುವ ಅಪಾಯವಿರುವುದರಿಂದ ತಿಂಗಳುಗಟ್ಟಲೆ ವಿಶ್ರಾಂತಿ ಹೇಳುತ್ತಾರೆ. ಪಂದ್ಯದ ಕುದುರೆಯ ಕೀಲಿನಿಂದ ಎಲುಬಿನ ಚೂರು ತೆಗೆದರೂ ಹೀಗೆಯೇ: ಮೊದಲು ಲಾಯ, ಆಮೇಲೆ ಹಗ್ಗ ಹಿಡಿದು ನಡೆಸುವುದು, ಆಮೇಲೆ ಕುಕ್ಕುಲೋಟ, ಎಲ್ಲಕ್ಕೂ ಕಡೆಯಲ್ಲಿ ನಾಗಾಲೋಟ. ಕೂಡಿಟ್ಟ ಕುದುರೆ ಹೊರಬಿಟ್ಟ ಗಳಿಗೆಯಲ್ಲಿ ನೆಗೆದು ಕುಣಿಯುತ್ತದೆ. ಆ ಉತ್ಸಾಹವನ್ನು ನಂಬಿದರೆ ಕೆಟ್ಟಂತೆಯೇ. ಅಮೆರಿಕದ ಬಾರ್ಬಾರೊ ಎಂಬ ಹೆಸರಾಂತ ಕುದುರೆ 2006ರ ಮೇ ತಿಂಗಳಲ್ಲಿ ಪಂದ್ಯದ ನಡುವೆ ಬಲ ಹಿಂಗಾಲು ಮುರಿದುಕೊಂಡಿತು. ಲೋಹದ ಪಟ್ಟಿಯನ್ನೂ 27 ತಿರುಪುಗಳನ್ನೂ ಹಾಕಿ ಜೋಡಿಸಿದರು. ಮುರಿದ ಕಾಲು ಬಹುಮಟ್ಟಿಗೆ ಕೂಡಿಕೊಂಡಿತು. ಅದರ ಭಾರವನ್ನೂ ಹೊತ್ತ ಇನ್ನೊಂದು ಹಿಂಗಾಲಿನ ಗೊರಸು ಕೆಟ್ಟಿತು. 2007ರ ಜನವರಿ 29ರಂದು ಅದಕ್ಕೆ ದಯಾಮರಣ ಕೊಡಬೇಕಾಯಿತು. ನಾವು ನೋಡುತ್ತಿದ್ದ ಕಾಲು ಒಂದು, ಸೋತ ಕಾಲು ಇನ್ನೊಂದು.

ಕಾನೂನು ಸುಮ್ಮನಿಲ್ಲ. ರೋಗ, ಗಾಯ, ಮುಪ್ಪುಗಳಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದಂತೆ ಅಪರಾಧ. ದುಡಿಯುವ ಪ್ರಾಣಿಗಳನ್ನು ಕುರಿತ 1965ರ ನಿಯಮಗಳು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ಆದರೆ ನೆಟ್ಟಗೆ ನಡೆಯುತ್ತಿರುವ ಎತ್ತಿನ ಮಂಡಿಯೊಳಗೆ ಯಾವ ಅಧಿಕಾರಿ ಇಣುಕಿಯಾನು?

ದುಡಿಸುವುದಕ್ಕಾಗಿ ಗುಣಪಡಿಸುವುದು ದಯೆಯೇ ಅಲ್ಲ ಎನ್ನುವ ಪಟ್ಟಣಿಗರುಂಟು. ಆ ಮಾತನ್ನು ನಾನು ಒಪ್ಪಲಾರೆ. ನೊಗವಿಲ್ಲದಿದ್ದರೆ ಆ ಎತ್ತು ಆ ಕೊಟ್ಟಿಗೆಯಲ್ಲೇ ಇರುತ್ತಿರಲಿಲ್ಲ. ಟ್ರ್ಯಾಕ್ಟರು, ಟಿಲ್ಲರು ಬಂದ ಮೇಲೆ ಬರಿದಾದ ಕೊಟ್ಟಿಗೆಗಳನ್ನು ಆ ಕಡೆ ಹೋದವರೆಲ್ಲ ಕಂಡಿದ್ದಾರೆ. ಭಾವನವರು ವೈದ್ಯರನ್ನು ಕರೆಸಿದ್ದು ಬಿತ್ತನೆಗಾಗಿ, ನಿಜ. ರಾತ್ರಿ ಎರಡು ಸಲ ಎದ್ದು ಲಾಟೀನು ಹಿಡಿದು ನೋಡಿಬಂದದ್ದು ಬರಿಯ ಬಿತ್ತನೆಗಾಗಿ ಅಲ್ಲ. ನಮ್ಮ ಕಚೇರಿಗಳೂ ನಮಗೆ ಕಾಯಿಲೆ ರಜೆ ಕೊಡುವುದು ಪ್ರೇಮದಿಂದಲ್ಲ. ವ್ಯತ್ಯಾಸ ಒಂದೇ: ನಾವು ಇನ್ನೂ ನೋವಿದೆಯೆಂದು ಹೇಳಬಲ್ಲೆವು, ನೋವಿಲ್ಲದಿದ್ದರೂ ಹೇಳಬಲ್ಲೆವು. ಎತ್ತಿಗೆ ಆ ಸುಳ್ಳಿನ ರಕ್ಷಣೆಯೂ ಇಲ್ಲ. ಆದ್ದರಿಂದ ಕಾಲು ನಡೆಯತೊಡಗಿದ ದಿನಕ್ಕೂ ನೊಗ ಏರುವ ದಿನಕ್ಕೂ ನಡುವಿನ ಆ ಕೆಲವು ವಾರಗಳು ಎತ್ತಿನ ಸೊತ್ತು, ಯಜಮಾನನದಲ್ಲ ಎಂದು ನನಗೆ ತೋರುತ್ತದೆ. ಆದರೆ ಹದ ತಪ್ಪಿದ ಗದ್ದೆಯ ನಷ್ಟ ಹೊರುವವನು ನಾನಲ್ಲವಷ್ಟೆ!

ಭಾವನವರು ಅಂದು ಏನೂ ಹೇಳದೆ ಪಕ್ಕದ ಮನೆಗೆ ಹೋಗಿ ಮುಯ್ಯಿಗೆ ಒಂದು ಎತ್ತು ಕೇಳಿ ತಂದರು. ಹೊಸ ಜೋಡಿ ಹೊಂದಿಕೊಳ್ಳದೆ ಕೂರಿಗೆಯ ಸಾಲು ಸೊಟ್ಟಗಾಯಿತು. ನಾನು ಊರಿಗೆ ಮರಳಿದ ಮೇಲೆ ಅಕ್ಕನ ಫೋನು ಬಂತು: ಹದಿನೆಂಟನೆಯ ದಿನಕ್ಕೆ ಎತ್ತನ್ನು ಚಕ್ಕಡಿಗೆ ಕಟ್ಟಿದ್ದಾರೆ. “ಖಾಲಿ ಚಕ್ಕಡಿ ಕಣೋ,” ಎಂದು ಎರಡು ಸಲ ಹೇಳಿದಳು. ಬರುವಾಗ ಅದರಲ್ಲಿ ಏನು ತುಂಬಿತ್ತೆಂದು ನಾನು ಕೇಳಲಿಲ್ಲ. ಆ ವರ್ಷದ ಅಕ್ಕಿಯ ಚೀಲ ಎಂದಿನಂತೆ ಸಂಕ್ರಾಂತಿಗೆ ಮುಂಚೆಯೇ ನಮ್ಮ ಮನೆಗೆ ಬಂತು.