ಹೊಗೆಯ ರುಚಿ

ನಾನು ಮದುವೆಯಾಗಿ ತೀರ್ಥಹಳ್ಳಿ ಕಡೆಯ ಆ ದೊಡ್ಡ ಮನೆಗೆ ಬಂದದ್ದು 1974ರಲ್ಲಿ. ಬಂದ ಮೂರನೆಯ ದಿನವೇ ನನ್ನ ಮೇಲೆ ಮೊದಲ ಆಪಾದನೆ ಬಂತು. "ಕಾಫಿಗೆ ಹೊಗೆ ವಾಸನೆ ಹತ್ತಿದೆ" ಎಂದು ಮಾವನವರು ಲೋಟವನ್ನು ಹಾಗೆಯೇ ಪಕ್ಕಕ್ಕೆ ಸರಿಸಿದರು. ಅತ್ತೆ ಒಳಗೆ ಬಂದು, "ಹಾಲು ಕಾಯಿಸುವಾಗ ಮುಚ್ಚಳ ಹಾಕಬೇಕು ಅನ್ನೋದನ್ನೂ ನಿಮ್ಮ ತೌರಲ್ಲಿ ಹೇಳಿಕೊಟ್ಟಿಲ್ವೇನೇ?" ಎಂದರು. ಮಳೆಗಾಲ. ಒಲೆಗೆ ಹಸಿ ಸೌದೆ. ಊದುಗೊಳವೆ ಹಿಡಿದು ಊದಿ ಊದಿ ನನ್ನ ಕಣ್ಣು ಕೆಂಡವಾಗಿತ್ತು. ಆದರೆ ಆ ಮನೆಯಲ್ಲಿ ಹೊಗೆ ಹಾಲಿಗೆ ಹತ್ತುವುದು ತಪ್ಪು, ಹೆಣ್ಣಿನ ಕಣ್ಣಿಗೆ ಹತ್ತುವುದು ತಪ್ಪಲ್ಲ.

ಇಷ್ಟು ವರ್ಷಗಳ ಮೇಲೆ ಈ ಮಾತು ನೆನಪಾದದ್ದು ಎಲ್ಲಿ ಎಂದು ಹೇಳಿದರೆ ನೀವು ನಗುತ್ತೀರಿ. ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ, ವಿಸ್ಕಿಯ ಲೋಟದ ಮುಂದೆ.

ಗಾಬರಿಯಾಗಬೇಡಿ, ಹೇಳುತ್ತೇನೆ. ಮಗಳು, ಅಳಿಯ ಗ್ಲಾಸ್ಗೋದಲ್ಲಿದ್ದಾರೆ. 2018ರ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆ. ನಾಲ್ಕು ದಿನ ರಜೆ ಸಿಕ್ಕಿತೆಂದು ಐಲಾ ಎಂಬ ದ್ವೀಪಕ್ಕೆ ಕರೆದುಕೊಂಡು ಹೋದರು. ಹಡಗಿನಲ್ಲಿ ಎರಡು ಗಂಟೆಗೂ ಹೆಚ್ಚಿನ ದಾರಿ. ಊರಿನಲ್ಲಿ ಮೂರು ಸಾವಿರದಷ್ಟು ಜನ, ಅವರಿಗಿಂತ ಹೆಚ್ಚು ಕುರಿಗಳು, ಮತ್ತು ಸಮುದ್ರದ ದಂಡೆಯಲ್ಲಿ ಸುಣ್ಣ ಬಳಿದ ಬಿಳಿ ಗೋಡೆಯ ವಿಸ್ಕಿ ಭಟ್ಟಿಗಳು. ಗೋಡೆಯ ಮೇಲೆ ಆನೆ ಗಾತ್ರದ ಕಪ್ಪು ಅಕ್ಷರದಲ್ಲಿ ಒಂದೊಂದರ ಹೆಸರು. ಪೋರ್ಟ್ ಎಲೆನ್ ಎಂಬ ಹಳ್ಳಿಯಿಂದ ಕಾಲುದಾರಿಯಲ್ಲಿ ನಡೆದರೆ ಮೂರು ಸಾಲಾಗಿ ಸಿಗುತ್ತವೆ: ಲಾಫ್ರಾಯ್ಗ್, ಲಾಗಾವೂಲಿನ್, ಆರ್ಡ್‌ಬೆಗ್. ಮೊದಲನೆಯದೂ ಮೂರನೆಯದೂ 1815ರವು, ನಡುವಿನದು 1816ರದು. ನಮ್ಮ ಕಡೆ ಒಂದೇ ಬೀದಿಯಲ್ಲಿ ಮೂರು ದೇವಸ್ಥಾನ ಇರುವ ಹಾಗೆ.

ಭಟ್ಟಿಯ ಒಳಗೆ ಹೋದಾಗ ನನಗೆ ಅಪರಿಚಿತವಾದದ್ದು ಏನೂ ಇರಲಿಲ್ಲ ಎಂದರೆ ನಂಬಿ. ಬಾರ್ಲಿಯನ್ನು ನೆನೆಸುತ್ತಾರೆ, ಮೊಳಕೆ ಬರಿಸುತ್ತಾರೆ, ಒಣಗಿಸುತ್ತಾರೆ. ಮಗುವಿನ ಸರಿಹಿಟ್ಟಿಗೆ ನಾವು ರಾಗಿಗೆ ಮಾಡುವುದೂ ಅದನ್ನೇ ಅಲ್ಲವೇ? ಆಮೇಲಿನ ದಾರಿ ಮಾತ್ರ ಬೇರೆ. ಒಣಗಿಸುವಾಗ ಕೆಳಗೆ ಪೀಟ್ ಉರಿಸಿ ಹೊಗೆ ಕೊಡುತ್ತಾರೆ. ಪೀಟ್ ಎಂದರೆ ಜೌಗು ನೆಲದಲ್ಲಿ ಪಾಚಿ, ಹುಲ್ಲು, ಬೇರು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಒತ್ತಿಕೊಂಡು ಆದ ಕಪ್ಪು ಮಣ್ಣು. ಇಟ್ಟಿಗೆಯಂತೆ ಕತ್ತರಿಸಿ, ಬೆರಣಿಯಂತೆ ಒಣಗಿಸಿ ಉರಿಸುತ್ತಾರೆ. ಅದು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್. ಹೊಗೆಯಲ್ಲಿರುವ ಫೀನಾಲ್ ಎಂಬ ಅಂಶ ಕಾಳಿಗೆ ಹತ್ತಿಕೊಂಡು, ಭಟ್ಟಿ ಇಳಿಸಿದರೂ ಪೂರ್ತಿ ಬಿಟ್ಟು ಹೋಗದೆ, ಮರದ ಪೀಪಾಯಿಯಲ್ಲಿ ಹತ್ತು ಹದಿನಾರು ವರ್ಷ ಮಲಗಿದರೂ ಉಳಿಯುತ್ತದೆ.

ಆ ಸಂಜೆ ಅಳಿಯ ನಾಲ್ಕು ಸಣ್ಣ ಬಾಟಲಿ, ನಾಲ್ಕು ಪುಟ್ಟ ಲೋಟ ಇಟ್ಟುಕೊಂಡು ಕೂತರು. ಅವರು ಲೆಕ್ಕದ ಮನುಷ್ಯ. ಕಾಳಿನ ಹತ್ತು ಲಕ್ಷ ಪಾಲಿನಲ್ಲಿ ಹೊಗೆಯ ಅಂಶ ಎಷ್ಟು ಪಾಲು ಎಂಬ ಪಟ್ಟಿಯೇ ಅವರ ಬಾಯಲ್ಲಿತ್ತು. ಬೊಮೋರ್‌ಗೆ ಸುಮಾರು 25, ಲಾಗಾವೂಲಿನ್‌ಗೆ 35, ಲಾಫ್ರಾಯ್ಗ್‌ಗೆ 40ರ ಮೇಲೆ, ಆರ್ಡ್‌ಬೆಗ್‌ಗೆ 55ರ ಹತ್ತಿರ. "ಅತ್ತೆ, ನೀವು ಕುಡಿಯೋದು ಬೇಡ, ಮೂಸಿ ನೋಡಿ ಸಾಕು" ಎಂದರು. ಹುಳಿಯನ್ನು ರುಚಿ ನೋಡದೆ ಬರೀ ಮೂಸಿ ಒಗ್ಗರಣೆ ಹಾಕಿದವಳಲ್ಲ ನಾನು. ಅರ್ಧ ಚಮಚದಷ್ಟು ನಾಲಗೆಗೆ ಇಟ್ಟುಕೊಂಡೆ. ಹೌದು, ಅರವತ್ತು ದಾಟಿದ ಮೇಲೆ. ಈಗ ಬರೆದೂಬಿಟ್ಟೆ.

ಬೊಮೋರ್ ಸೌಮ್ಯ. ಪಕ್ಕದ ಮನೆಯಲ್ಲಿ ಒಲೆ ಹಚ್ಚಿದ ಹಾಗೆ, ಅಷ್ಟೆ. ಲಾಫ್ರಾಯ್ಗ್ ಮೂಗಿಗೆ ಬಂದಾಗ ನನಗೆ ನೆನಪಾದದ್ದು ಹೆರಿಗೆ ಆಸ್ಪತ್ರೆ: ಟಿಂಕ್ಚರ್, ಬ್ಯಾಂಡೇಜ್ ಬಟ್ಟೆ, ಅದರ ಜೊತೆಗೆ ಒದ್ದೆ ಸಮುದ್ರಪಾಚಿ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗ ಇದು ಔಷಧಿಯ ಹೆಸರಿನಲ್ಲಿ ಮಾರಾಟವಾಗುತ್ತಿತ್ತಂತೆ; ಆ ವಾಸನೆ ಮೂಸಿದ ಅಧಿಕಾರಿ ನಂಬಿದ್ದರೆ ಆಶ್ಚರ್ಯವಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ಮಗಳಿಗೆ ಅದೇ ಇಷ್ಟ! ಅಳಿಯನಿಗೆ ಆರ್ಡ್‌ಬೆಗ್. ಅಂಕಿ ದೊಡ್ಡದಿದೆಯಲ್ಲ. ಅದರಲ್ಲಿ ಮೊದಲು ನಿಂಬೆಯಂಥ ಚುರುಕು, ಹಿಂದೆಯೇ ಡಾಂಬರು ಹಾಕುವ ರಸ್ತೆಯ ಹೊಗೆ.

ಲಾಗಾವೂಲಿನ್ ಹದಿನಾರು ವರ್ಷದ್ದು. ಮೂಗಿನ ಹತ್ತಿರ ತಂದೆ, ಹಾಗೆಯೇ ಕೂತುಬಿಟ್ಟೆ. ನಮ್ಮ ಮನೆಯ ಬಚ್ಚಲ ಹಂಡೆ ಒಲೆ. ಆರಿದ ಮೇಲೆ ಸಂಜೆ ಉಳಿಯುವ ಆ ಹೊಗೆ, ಅದಕ್ಕೆ ತಾಗಿದಂತೆ ಒಣದ್ರಾಕ್ಷಿಯ ಸಿಹಿ. "ನನಗೆ ಇದು" ಎಂದೆ. ಮೂವರೂ ವಾದಕ್ಕೆ ಬಿದ್ದೆವು. ಊಟ ತನ್ನಿಷ್ಟ ಎಂದು ಗಾದೆ ಇದ್ದರೂ ನಾವು ವಾದ ಬಿಡುತ್ತೇವೆಯೇ? ಯಾವ ಊರಿನ ಕಾಫಿಪುಡಿ ಚೆನ್ನ, ಯಾರ ಮನೆ ಉಪ್ಪಿನಕಾಯಿ ಚೆನ್ನ ಎಂದು ಕಚ್ಚಾಡಿದ ಹಾಗೆಯೇ ಇದೂ.

ರಾತ್ರಿ ಹಾಸಿಗೆಯಲ್ಲಿ ಮಾತ್ರ ನಗು ಬರಲಿಲ್ಲ. 1974ರಲ್ಲಿ ಯಾವ ವಾಸನೆಗೆ ಒಂದು ಲೋಟ ಕಾಫಿ ತಿರಸ್ಕಾರವಾಯಿತೋ, ಅದೇ ವಾಸನೆಗೆ ಜನ ಸಾವಿರಾರು ರೂಪಾಯಿ ಸುರಿಯುತ್ತಾರೆ, ನಾನೂ ತಲೆದೂಗುತ್ತೇನೆ. ಹಾಗಾದರೆ ಆ ದಿನ ನಾನು ಅತ್ತದ್ದು ಯಾಕೆ?

ಇನ್ನೊಂದು ನೆನಪು ಇದಕ್ಕಿಂತ ಕಹಿಯಾದದ್ದು. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವಳೊಬ್ಬಳು. ಗಂಡ ಕೂಲಿಯನ್ನೆಲ್ಲ ಪ್ಯಾಕೆಟ್ ಸಾರಾಯಿಗೆ ಸುರಿಯುತ್ತಿದ್ದ. ಊರ ಹೆಂಗಸರೆಲ್ಲ ಸೇರಿ ಅಂಗಡಿ ಮುಚ್ಚಿಸಿ ಎಂದು ಅರ್ಜಿ ಬರೆದಾಗ ಅವಳು ಹೆಬ್ಬೆಟ್ಟು ಒತ್ತಿದಳು, ಅದರ ಕೆಳಗೆ ನಾನು ಸಹಿ ಹಾಕಿದೆ. 2007ರ ಜುಲೈಯಲ್ಲಿ ಸರ್ಕಾರವೇ ರಾಜ್ಯದಲ್ಲೆಲ್ಲ ಸಾರಾಯಿ ನಿಲ್ಲಿಸಿತು. ಅವಳ ಗಂಡ ಅಗ್ಗದ ವಿಸ್ಕಿ ಬಾಟಲಿಗೆ ಹೋದ, ಎರಡು ವರ್ಷದಲ್ಲಿ ಸತ್ತ. ಅವಳು ಈ ಲೋಟ ಹಿಡಿದ ನನ್ನನ್ನು ನೋಡಿದ್ದರೆ ಏನೆನ್ನುತ್ತಿದ್ದಳು? "ಅಮ್ಮಾ, ನೀವು ಕುಡಿದರೆ ಅದಕ್ಕೆ ರುಚಿ ಅಂತ ಹೆಸರು, ಅವನು ಕುಡಿದರೆ ಚಟ ಅಂತಲಾ?"

ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಬೆಲೆಯೇ ವ್ಯತ್ಯಾಸ ಎಂದರೆ ನಾಚಿಕೆಗೇಡು. ಜ್ಞಾನವೇ ವ್ಯತ್ಯಾಸ ಎನ್ನೋಣವೇ? ಅಂಕಿ, ವರ್ಷ, ಪೀಪಾಯಿ ಎಲ್ಲ ಬಲ್ಲವನೂ ಮನೆ ಹಾಳು ಮಾಡಿಕೊಂಡದ್ದುಂಟು. ಮಿತವೇ ವ್ಯತ್ಯಾಸ ಎಂದರೆ ಸ್ವಲ್ಪ ಹತ್ತಿರ ಬಂದಂತೆ. ಆದರೆ ಮಿತ ಎನ್ನುವುದು ಅಳತೆಯ ಮಾತು. ಅವಳ ಗಂಡ ಯಾಕೆ ನಿಲ್ಲಿಸಲಾರದೆ ಹೋದ, ನನ್ನ ಅಳಿಯ ಯಾಕೆ ಒಂದಕ್ಕೆ ನಿಲ್ಲಿಸುತ್ತಾರೆ ಎಂಬುದಕ್ಕೆ ಅಳತೆ ಉತ್ತರ ಹೇಳುವುದಿಲ್ಲ.

ಉತ್ತರದ ತುದಿ ಸಿಕ್ಕಿದ್ದು ಮರುದಿನ, ಲಾಫ್ರಾಯ್ಗ್‌ನಲ್ಲಿ ಒಬ್ಬ ಹೆಂಗಸಿನ ಕಥೆ ಕೇಳಿದಾಗ. ಬೆಸ್ಸಿ ವಿಲಿಯಮ್ಸನ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದವಳು. 1934ರಲ್ಲಿ ಬೇಸಿಗೆಯ ಕೆಲವು ತಿಂಗಳ ಬದಲಿ ಕೆಲಸಕ್ಕೆಂದು ಈ ಭಟ್ಟಿಯ ಕಚೇರಿಗೆ ಬಂದಳು. ಹಿಂದಿರುಗಲೇ ಇಲ್ಲ. ಮಾಲೀಕ ಇಯಾನ್ ಹಂಟರ್‌ಗೆ ಮಕ್ಕಳಿರಲಿಲ್ಲ. 1954ರಲ್ಲಿ ಆತ ಸತ್ತಾಗ ಭಟ್ಟಿ ಅವಳ ಕೈಗೆ ಬಂತು. 1972ರವರೆಗೆ ಅವಳೇ ನಡೆಸಿದಳು. ಅಡುಗೆಮನೆಯ ಹೊಗೆಯಲ್ಲಿ ಕೂರದೆ, ಹೊಗೆಗೆ ಒಡತಿಯಾದವಳು! ಬರುವಾಗಲೂ ಅವಳಿಗೆ ಬಾಗಿಲು ತೆರೆದಿತ್ತು, ಹೋಗಬೇಕೆಂದಿದ್ದರೆ ಹೋಗಲೂ ತೆರೆದಿತ್ತು. ಅವಳು ಇದ್ದದ್ದು ಇರಬೇಕೆಂದು ಅನ್ನಿಸಿದ್ದರಿಂದ.

ಈ ದ್ವೀಪದ ಹೊಗೆಯ ಕಥೆಯೂ ಹಾಗೆಯೇ. ಮೊದಲು ಅದು ರುಚಿಗೆಂದು ಬಂದದ್ದಲ್ಲ. ಇಲ್ಲಿ ಉರಿಸಲು ಮರವಿಲ್ಲ, ಕಲ್ಲಿದ್ದಲು ಹಡಗಿನಲ್ಲಿ ಬರಬೇಕು. ಕಾಲಡಿಯಲ್ಲಿದ್ದ ಪೀಟನ್ನೇ ಉರಿಸಿದರು, ಹೊಗೆ ತಾನಾಗಿ ಹತ್ತಿತು. ಒಳನಾಡಿನ ಭಟ್ಟಿಗಳಿಗೆ ರೈಲು ಬಂದು ಹೊಗೆಯಿಲ್ಲದ ಇಂಧನ ಸಿಕ್ಕಿದಾಗ ಬಹಳಷ್ಟು ಕಡೆ ಅವರು ಹೊಗೆಯನ್ನು ಬಿಟ್ಟರು. ಇಂದು ಐಲಾದಲ್ಲೂ ಬೇಡವೆಂದರೆ ಬಿಡಬಹುದು. ಬಿಡಬಹುದಾಗಿದ್ದೂ ಉಳಿಸಿಕೊಂಡಾಗ ಅದಕ್ಕೆ ರುಚಿ ಎಂಬ ಹೆಸರು ಬಂತು.

ನನಗೆ ಹೊಳೆದದ್ದು ಇಷ್ಟೇ: ಎದ್ದು ಹೊರಗೆ ಹೋಗಬಲ್ಲವರಿಗೆ ಮಾತ್ರ ಹೊಗೆ ಸುವಾಸನೆ. ನನಗೆ ಆ ಒಲೆಯ ಮುಂದಿನಿಂದ ಏಳುವ ಹಾಗಿರಲಿಲ್ಲ. ಅವಳ ಗಂಡನಿಗೆ ಬಾಟಲಿಯ ಮುಂದಿನಿಂದ ಏಳಲಾಗಲಿಲ್ಲ. ಅವಳಿಗೆ ಅವನ ಮುಂದಿನಿಂದ ಏಳಲಾಗಲಿಲ್ಲ. ಮೂವರಿಗೂ ರುಚಿ ಎಂಬ ಮಾತು ಸಲ್ಲದು. ಹಾಗೆ ನೋಡಿದರೆ ನನ್ನ ಅಳಿಯನ ನಾಲಗೆ ದೊಡ್ಡ ಗುಣವಂತ ಅಂತಲ್ಲ, ಅದೃಷ್ಟವಂತ. ಅದೃಷ್ಟವನ್ನು ಗುಣ ಎಂದುಕೊಂಡು ಮೆರೆಯುವುದು ಮಾತ್ರ ಸರಿಯಲ್ಲ.

ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ನನ್ನ ರುಚಿಯ ಹೊಗೆ ಯಾರ ಕಣ್ಣಿಗೆ ಹೋಗುತ್ತಿದೆ? ಮಾವನವರು ಹೊಗೆ ಹತ್ತದ ಕಾಫಿ ಬಯಸಿದ್ದು ತಪ್ಪಲ್ಲ, ಆ ಬಯಕೆಯ ಬೆಲೆ ತೆತ್ತವರ ಕಡೆ ತಿರುಗಿ ನೋಡದಿದ್ದುದು ತಪ್ಪು. ಸಾವಿರ ವರ್ಷದಲ್ಲಿ ಒಂದು ಮೀಟರ್ ಬೆಳೆದ ಪೀಟನ್ನು ನಮ್ಮ ಒಂದು ಸಂಜೆಗೆ ಉರಿಸುವುದಕ್ಕೂ ಯಾರೋ ಬೆಲೆ ತೆರಬೇಕು. ಆ ನೆಲ ಹಿಡಿದಿಟ್ಟುಕೊಂಡ ಇಂಗಾಲವೆಲ್ಲ ಗಾಳಿಗೆ ಸೇರುತ್ತದೆ. ಮೊಮ್ಮಕ್ಕಳ ಕಣ್ಣಿಗೆ ಎನ್ನೋಣವೇ?

ಗ್ಲಾಸ್ಗೋಗೆ ಹಿಂದಿರುಗಿದ ಮೇಲೆ ಅಳಿಯ ಕಪಾಟಿನಿಂದ ಇನ್ನೊಂದು ಬಾಟಲಿ ತೆಗೆದು ತೋರಿಸಿದರು. ಅಮೃತ್ ಫ್ಯೂಷನ್. ನಮ್ಮ ಬೆಂಗಳೂರಿನದೇ! ನಮ್ಮ ದೇಶದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಹತ್ತಿದ ಬಾರ್ಲಿಯನ್ನು ಕೂಡಿಸಿ ಮಾಡಿದ್ದು. ಆ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕೆ ಇಟ್ಟದ್ದೂ 2004ರಲ್ಲಿ ಇದೇ ಗ್ಲಾಸ್ಗೋದಲ್ಲಿ. ಇಲ್ಲಿಯ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರರಲ್ಲಿ ಎರಡು ಪಾಲು ಆವಿಯಾದರೆ ಬೆಂಗಳೂರಿನ ಸೆಖೆಗೆ ಹತ್ತು ಪಾಲಿಗೂ ಹೆಚ್ಚು ಹೋಗುತ್ತದಂತೆ. ಹಾಗೆ ಹೋದದ್ದನ್ನು ದೇವತೆಗಳ ಪಾಲು ಎನ್ನುತ್ತಾರೆ. ನಮ್ಮ ದೇವತೆಗಳು ಹೆಚ್ಚು ನೈವೇದ್ಯ ಕೇಳುವುದು ಹೊಸದೇನಲ್ಲ ಬಿಡಿ. ಮೂಸಿ ನೋಡಿದೆ. ಹೊಗೆ ಇತ್ತು, ಆದರೆ ದೂರದ ಹೊಗೆ. ಲಾಗಾವೂಲಿನ್ ಹಾಗೆ ಅದು ನನ್ನನ್ನು ಎಳೆದುಕೊಂಡು ಹೋಗಲಿಲ್ಲ.

ಎಳೆದುಕೊಂಡು ಹೋದದ್ದು ಯಾರ ಹತ್ತಿರಕ್ಕೆ ಎಂದು ತಿಳಿದದ್ದು ಊರಿಗೆ ಬಂದ ಮೇಲೆ.

ನಮ್ಮ ಮನೆಗೆ ಗ್ಯಾಸ್ ಬಂದದ್ದು 1986ರಲ್ಲಿ. ಒಂದೆರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಅತ್ತೆ ಕಾಫಿ ಗುಟುಕರಿಸಿ, "ಯಾಕೋ ಕಾಫಿ ಸಪ್ಪೆ ಕಣೇ" ಎಂದರು. ನನಗೆ ರೇಗಿತು. ಹೊಗೆ ಹತ್ತಿದರೂ ತಪ್ಪು, ಹತ್ತದಿದ್ದರೂ ತಪ್ಪೇ ಎಂದುಕೊಂಡೆ. ಬಾಯಿ ಬಿಟ್ಟು ಆಡಲಿಲ್ಲ, ಲೋಟವನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ನಾನು ಊದಿದ್ದು ಹನ್ನೆರಡು ವರ್ಷ. ಅತ್ತೆ ನನಗಿಂತ ಮೊದಲು ಅದೇ ಒಲೆಯ ಮುಂದೆ ಇಪ್ಪತ್ತೆಂಟು ವರ್ಷ ಕೂತವರು. ಅವರ ಎರಡೂ ಕಣ್ಣು ಆಗಲೇ ಮಂಜಾಗಿದ್ದವು. ಅವರು ನನ್ನನ್ನು ಬೈದದ್ದು ಕೂಡ, ಹಿಂದೆ ಅವರು ಯಾರಿಂದಲೋ ಬೈಸಿಕೊಂಡ ಮಾತಿನಲ್ಲೇ ಇರಬೇಕು. ಆ ಬೆಳಿಗ್ಗೆ ಮೊದಲ ಸಲ ಅವರು ಹೊಗೆಯಿಂದ ಎದ್ದು ಬಂದು ಜಗಲಿಯಲ್ಲಿ ಕೂತಿದ್ದರು. ಮೊದಲ ಸಲ ಅವರಿಗೆ ಆ ವಾಸನೆ ಬೇಕು ಅನ್ನಿಸಿತ್ತು. ಅದು ದೂರಾಗಿರಲಿಲ್ಲ, ರುಚಿಯಾಗಿತ್ತು. ಆಗ ನನಗೆ ತಿಳಿಯಲಿಲ್ಲ.

ಬರುವಾಗ ಅಳಿಯ, "ಒಂದು ಬಾಟಲಿ ತಗೊಂಡು ಹೋಗಿ ಅತ್ತೆ, ನೆನಪಿಗೆ" ಎಂದಿದ್ದರು. ಬೇಡವೆಂದೆ. ಕೆಲಸದವಳು ಕಪಾಟು ಒರೆಸುವಾಗ ನೋಡಿದರೆ ಅವಳಿಗೆ ಏನು ಹೇಳಲಿ? ಅವಳು ಆ ತೋಟದವಳ ಮಗಳು. ಈಗಲೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಂಡೆ ಒಲೆ ಹಚ್ಚುತ್ತೇನೆ, ನಾನೇ. ಹೊಗೆ ಹೆಚ್ಚಾದರೆ ಎದ್ದು ಹೊರಗೆ ಬಂದು ನಿಲ್ಲುತ್ತೇನೆ. ಅವಳನ್ನು ಮಾತ್ರ ಊದಲು ಕೂರಿಸುವುದಿಲ್ಲ.