ಇಂದಿನ ಚಿಂತನೆ: ಅದೂ ಅಲ್ಲ, ಬೇರೆಯೂ ಅಲ್ಲ




ಬೈಲಕುಪ್ಪೆಗೆ ಹೋಗಿಬಂದವರೆಲ್ಲ ಅಲ್ಲಿನ ದೊಡ್ಡ ಬುದ್ಧಮೂರ್ತಿಗಳ ಬಗ್ಗೆ ಹೇಳುತ್ತಾರೆ. ನನ್ನನ್ನು ಕಾಡುವುದು ಅಲ್ಲಿನ ಮಕ್ಕಳು. 1959ರ ನಂತರ ನೆಲೆ ತಪ್ಪಿ ಬಂದ ಟಿಬೆಟನ್ನರಿಗೆ ಆಗಿನ ಮೈಸೂರು ರಾಜ್ಯ ಜಮೀನು ಕೊಟ್ಟಿತು. ಹಿಮದ ನಾಡಿನವರು ಇಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಅವರ ಮೊಮ್ಮಕ್ಕಳಲ್ಲಿ ಹೆಚ್ಚಿನವರು ಟಿಬೆಟನ್ನು ಕಣ್ಣಾರೆ ಕಂಡಿಲ್ಲ. ಹಾಗಾದರೆ ಇವರು ಅಲ್ಲಿಯವರೋ, ಇಲ್ಲಿಯವರೋ?

ಮಿಲಿಂದ ರಾಜ ನಾಗಸೇನ ಭಂತೇಯವರನ್ನು ಕೇಳಿದ ಪ್ರಶ್ನೆಯೂ ಇದಕ್ಕೆ ಹತ್ತಿರದ್ದೇ. ಹುಟ್ಟಿದ ಮಗು, ಬೆಳೆದ ಮನುಷ್ಯ, ಇಬ್ಬರೂ ಒಬ್ಬನೇ ಏನು? ಭಂತೇ ದೀಪವನ್ನು ತೋರಿಸಿ ಉತ್ತರಿಸಿದರು. ಮೊದಲ ಜಾವದ ಜ್ವಾಲೆ ಕೊನೆಯ ಜಾವದ ಜ್ವಾಲೆಯಲ್ಲ. ಹಾಗೆಂದು ಅದು ಬೇರೆ ದೀಪವೂ ಅಲ್ಲ.

ಕನ್ನಡ ಕಲಿಸುವ ನನಗೆ ಇದು ಹೊಸದೇನಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರಿಗೂ ಕನ್ನಡದ ಬರಹಕ್ಕೇ ಜ್ಞಾನಪೀಠ ಬಂತು. ಕನ್ನಡದವರಾಗಲು ಅವರು ಮನೆಮಾತನ್ನು ಹೊಸ್ತಿಲಾಚೆ ಬಿಟ್ಟು ಬರಬೇಕಾಗಲಿಲ್ಲ.

"ಎಲ್ಲವೂ ಅನಿತ್ಯ, ಭಾಷೆಯೂ ಹೋದರೆ ಹೋಗಲಿ" ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದುಡಿಮೆಗೆಂದು ದೂರದಿಂದ ಬಂದವರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಶಾಲೆಯ ಗೇಟಿನಲ್ಲಿ ತಾಯಿ ತನ್ನ ಮಾತಿನಲ್ಲಿ ಕರೆದರೆ, ಮಗು ಒಮ್ಮೆ ಸುತ್ತ ನೋಡಿ ಕನ್ನಡದಲ್ಲಿ ಉತ್ತರಿಸುತ್ತದೆ. ಕನ್ನಡದ ಟೀಚರ್ ಆಗಿ ನನಗೆ ಖುಷಿಯಾಗಬೇಕು, ಆಗುವುದಿಲ್ಲ. ಅದು ಅನಾಸಕ್ತಿಯಲ್ಲ, ನಾಚಿಕೆ. ಆ ನಾಚಿಕೆಯನ್ನು ಕಲಿಸಿದವರು ಸುತ್ತಲಿನ ನಾವು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಪರದೇಶದಲ್ಲಿ ಹುಟ್ಟಿದ ನಮ್ಮ ಮೊಮ್ಮಗು ತೊದಲು ಕನ್ನಡ ಆಡಿದಾಗ ನಕ್ಕು, "ನಮ್ಮತನವೇ ಇಲ್ಲ" ಎಂದು ಚುಚ್ಚುತ್ತೇವೆ. ಅದು ಉಪಾದಾನ. ಬತ್ತಿಯನ್ನು ಬಿಗಿಯಾಗಿ ಹಿಡಿದರೆ ಬೆಳಕು ಹೆಚ್ಚುವುದಿಲ್ಲ, ಕೈ ಸುಡುತ್ತದೆ. ಆದರೆ ಎಣ್ಣೆ ಹೊಯ್ಯದೆ ದೀಪ ಆರಿದಾಗ "ಅನಿತ್ಯ" ಎನ್ನುವುದೂ ಧಮ್ಮವಲ್ಲ, ಸೋಮಾರಿತನ.

ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ನನಗೆ ತೋಚುವ ಅಳತೆಗೋಲು ಒಂದೇ: ಇದರಿಂದ ಮನೆಯಲ್ಲಿ ಯಾರು ಒಂಟಿಯಾಗುತ್ತಾರೆ? ಉಡುಪು ಬದಲಾದರೆ, ಅಡುಗೆ ಬದಲಾದರೆ ಯಾರೂ ಒಂಟಿಯಾಗಬೇಕಿಲ್ಲ. ಆದರೆ ಅಜ್ಜಿಗೂ ಮೊಮ್ಮಗುವಿಗೂ ನಡುವೆ "ಊಟ ಆಯ್ತಾ" ಎಂಬುದರಾಚೆ ಮಾತೇ ಉಳಿಯದಿದ್ದರೆ, ಅಜ್ಜಿಯ ಒಂದು ಬದುಕೇ ಕೇಳುವವರಿಲ್ಲದೆ ಮುಗಿಯುತ್ತದೆ. ಮೊಮ್ಮಗು ತಾನು ಕಳೆದುಕೊಂಡದ್ದೇನೆಂದು ತಿಳಿಯದೆಯೇ ಬೆಳೆಯುತ್ತದೆ.

*ಇಂದಿನ ಅಭ್ಯಾಸ:* ಮನೆಯ ಹಿರಿಯರಿಂದ ಅವರ ಬಾಲ್ಯದ ಒಂದು ಸಂಗತಿಯನ್ನು ಅವರದೇ ಮಾತಿನಲ್ಲಿ ಕೇಳೋಣ. ಪಕ್ಕದಲ್ಲಿ ಮಗುವನ್ನೂ ಕೂರಿಸಿಕೊಳ್ಳೋಣ. ಅದು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದರೂ ನಗದಿರೋಣ.

ಎಲ್ಲರಿಗೂ ಮಂಗಳವಾಗಲಿ 🙏