ಕೂಪನ್ನಿನ ಹಿಂಬದಿ

ಮಧುಗಿರಿ ದಾಟಿದ ಮೇಲೆ ಕಂಡಕ್ಟರ್ ಕಣ್ಣು ಆ ಉದ್ದನೆಯ ಕೊಳವೆಯ ಮೇಲೆ ಬಿತ್ತು. "ಏನಮ್ಮ ಇದು, ಪೈಪಾ? ಲಗೇಜ್ ಚೀಟಿ ಹರೀಬೇಕಾಗತ್ತೆ ನೋಡು."

ಹುಡುಗಿ ಅದನ್ನು ಮಡಿಲಿಗೆ ಎಳೆದುಕೊಂಡಳು. "ಇಲ್ಲಣ್ಣ, ಪೋಸ್ಟರ್ರು. ಬರೀ ಪೇಪರ್ರು."

"ಯಾವ್ ಪಿಚ್ಚರ್‌ದು?"

ಅಕ್ಕಪಕ್ಕದವರು ನಕ್ಕರು, ಆತನೂ ನಕ್ಕ. ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ನಮ್ಮ ಕಡೆಯವನೇ. ಅವಳು ನನ್ನ ಮುಖ ನೋಡಿದಳು, ನಾನು ಕಿಟಕಿಯಾಚೆ ನೋಡಿದೆ. ಶೇಂಗಾ ಸಿಪ್ಪೆಯ ಇದ್ದಿಲು ನೀರಿನಲ್ಲಿರುವ ಫ್ಲೋರೈಡನ್ನು ಹೇಗೆ ಹೀರುತ್ತದೆ ಎಂದು ಓಡುವ ಬಸ್ಸಿನಲ್ಲಿ ವಿವರಿಸಲು ನನಗೂ ಸಂಕೋಚ.

ಆ ಪೋಸ್ಟರ್ ಅಚ್ಚಾದದ್ದು ಫ್ಲೆಕ್ಸ್ ಅಂಗಡಿಯಲ್ಲಿ. ಯಾವುದೋ ಮುಖಂಡರ ಹುಟ್ಟುಹಬ್ಬದ ಬ್ಯಾನರ್ ಮುಗಿಯುವವರೆಗೆ ಕಾದು ಹಾಕಿಸಿಕೊಂಡದ್ದು. ಎಂಎಸ್ಸಿ ಕೊನೆಯ ವರ್ಷದ ಪ್ರಾಜೆಕ್ಟು, ಬೆಂಗಳೂರಿನಲ್ಲಿ ಎರಡು ದಿನದ ಸಮ್ಮೇಳನ, ಅವಳ ಮಟ್ಟಿಗೆ ಮೊದಲನೆಯದು. ಹೊರಡುವ ಹಿಂದಿನ ದಿನ ಅವಳಮ್ಮ ಕಾಲೇಜಿನ ಗೇಟಿನ ಹತ್ತಿರ ಕಾದಿದ್ದು ನನ್ನನ್ನು ಹಿಡಿದರು. "ದೊಡ್ಡ ದೊಡ್ಡೋರು ಬರ್ತಾರಂತಲ್ಲ ಸಾರ್. ಒಂದಿಬ್ರಿಗೆ ಇವಳ ಪರಿಚಯ ಮಾಡ್ಸಿ. ಎಲ್ಲಾದ್ರೂ ಒಂದು ದಾರಿಯಾಗತ್ತೆ." ಆಗಲಮ್ಮ ಎಂದೆ. ಆದರೆ ಒಳಗೆಲ್ಲೋ ಚುಚ್ಚಿತು.

ಯಾಕೆ ಚುಚ್ಚಿತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಈಗಿನವರು ನೆಟ್‌ವರ್ಕಿಂಗ್ ಎಂದಾಗ ನನ್ನ ವಯಸ್ಸಿನವರ ಕಿವಿಗೆ ಬೀಳುವುದು ವಶೀಲಿ ಎಂಬ ಶಬ್ದ. ವಶೀಲಿ ಎಂದರೆ ಶಾಸಕರ ಪತ್ರ, ಕಚೇರಿಯೊಳಗಿನ ಜಾತಿಯ ನಂಟು, ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು. ಮಾರ್ಕ್ಸಿನ ಬಲದಿಂದಲೇ ಮೇಲೆ ಬಂದವರಿಗೆ ಅದು ಅಸಹ್ಯ. ಕೆಲಸ ಚೆನ್ನಾಗಿದ್ದರೆ ತಾನೇ ಗೊತ್ತಾಗುತ್ತದೆ, ನಾನ್ಯಾಕೆ ಯಾರ ಮುಂದೋ ಹೋಗಿ ಹಲ್ಲು ಕಿರಿಯಲಿ? ಈ ಹಟ ಹೊತ್ತುಕೊಂಡೇ ನಾನು ನನ್ನ ಮೊದಲ ಸಮ್ಮೇಳನಕ್ಕೆ ಹೋಗಿದ್ದೆ. ಮೂರು ದಿನವೂ ನಮ್ಮ ಕಾಲೇಜಿನ ನಾಲ್ವರು ಒಟ್ಟಿಗೆ ಕೂತೆವು, ಒಟ್ಟಿಗೆ ಉಂಡೆವು, ಕಂಬಕ್ಕೆ ಒರಗಿ ಒಟ್ಟಿಗೆ ಟೀ ಕುಡಿದೆವು. ಜಿಪ್ ಕಿತ್ತ ಒಂದು ಬ್ಯಾಗು, ಒಂದು ಪೆನ್ನು, ಸರ್ಟಿಫಿಕೇಟು ತಂದೆವು. ಅಲ್ಲಿ ಯಾರು ಏನು ಹೇಳಿದರೆಂದು ಇವತ್ತು ಒಂದು ವಾಕ್ಯವೂ ನೆನಪಿಲ್ಲ. ಆಲೂಗಡ್ಡೆ ಪಲ್ಯ ಚೆನ್ನಾಗಿತ್ತು.

ಅವಳಮ್ಮ ಬಳಸಿದ ಶಬ್ದ ಪರಿಚಯ. ಸಂಚಯದಲ್ಲಿರುವ ಚಯವೇ ಇದರಲ್ಲೂ ಇದೆ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಕೂಡಿಹಾಕುವುದು, ರಾಶಿಯಾಗುವುದು ಎಂಬ ಅರ್ಥವೂ ಉಂಟು. ಹಾಗಾದರೆ ಒಂದು ಸಲ ಕೈಮುಗಿದರೆ ಪರಿಚಯವಾಗುವುದಿಲ್ಲ. ಏನಾದರೂ ಒಂದು ಇಬ್ಬರ ನಡುವೆ ಸೇರುತ್ತಾ ಹೋಗಬೇಕು. ಏನದು?

ರಸಾಯನಶಾಸ್ತ್ರದ ಮೇಷ್ಟ್ರಾದ್ದರಿಂದ ನನಗೆ ಇಲ್ಲಿ 1860ರ ಸೆಪ್ಟೆಂಬರ್ ನೆನಪಾಗುತ್ತದೆ. ಆ ತಿಂಗಳ 3ರಿಂದ 5ರವರೆಗೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹಲವು ದೇಶಗಳ ರಸಾಯನಶಾಸ್ತ್ರಜ್ಞರು ಮೊದಲ ಬಾರಿಗೆ ಒಂದೆಡೆ ಸೇರಿದರು. ಆಗ ಇಂಗಾಲದ ಪರಮಾಣು ತೂಕ 6 ಎನ್ನುವವರೂ ಇದ್ದರು, 12 ಎನ್ನುವವರೂ ಇದ್ದರು. ನೀರಿನ ಸೂತ್ರವನ್ನೇ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಿದ್ದರು. ಆ ಸಭೆ ಕರೆದವರಲ್ಲೊಬ್ಬನಾದ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲ ಒಂದಕ್ಕೇ 19 ಸೂತ್ರಗಳ ಪಟ್ಟಿ ಕೊಟ್ಟ. ಈ ಗೊಂದಲ ಬಗೆಹರಿಸಬೇಕೆಂದು ಮೂರು ದಿನ ವಾದಿಸಿದರು, ಬಗೆಹರಿಯಲಿಲ್ಲ. ಎಲ್ಲರೂ ಹೊರಡುವ ಹೊತ್ತಿಗೆ ಇಟಲಿಯ ಕಾನ್ನಿಜಾರೋನ ಗೆಳೆಯ ಪವೇಸಿ ಒಂದು ತೆಳ್ಳನೆಯ ಪುಸ್ತಿಕೆ ಹಂಚಿದ. ಕಾನ್ನಿಜಾರೋ ಜೆನೋವಾದಲ್ಲಿ ತನ್ನ ಹುಡುಗರಿಗೆ ಪಾಠ ಹೇಳುವ ಕ್ರಮವನ್ನು ಎರಡು ವರ್ಷ ಹಿಂದೆ ಬರೆದಿಟ್ಟದ್ದು ಅದು. ಮೂವತ್ತರ ಲೋಥಾರ್ ಮೇಯರ್ ಅದನ್ನು ಜೇಬಿಗಿಳಿಸಿ ಊರ ದಾರಿಯಲ್ಲಿ ಓದಿದ, ಈ ತೂಕಗಳ ಬಗ್ಗೆ ಅವನಿಗಿದ್ದ ಅನುಮಾನಗಳು ತೀರಿದವು. ಹೈಡಲ್‌ಬರ್ಗಿಗೆ ಹೆಚ್ಚಿನ ಓದಿಗೆಂದು ಬಂದಿದ್ದ 26ರ ಮೆಂಡಲೀವ್ ಕೂಡ ಆ ಸಭೆಯಲ್ಲಿದ್ದ. ನಡೆದದ್ದನ್ನೆಲ್ಲ ರಷ್ಯಾದಲ್ಲಿದ್ದ ಗುರುವಿಗೆ ಕಾಗದ ಬರೆದು ತಿಳಿಸಿದ. ತೂಕಗಳು ಸರಿಹೋಗದೆ ಮೂಲವಸ್ತುಗಳನ್ನು ಸಾಲು ನಿಲ್ಲಿಸುವಂತಿರಲಿಲ್ಲ. ಅವನ ಆವರ್ತ ಕೋಷ್ಟಕ ಬಂದದ್ದು 1869ರಲ್ಲಿ.

ಹಿರಿಯರು ವಾದದಲ್ಲಿ ಮುಳುಗಿದ್ದರು. ಮನೆಗೆ ಏನಾದರೂ ಒಯ್ದವರು ಎಳೆಯರು, ಅದೂ ಕಾರ್ಯಕ್ರಮ ಪಟ್ಟಿ ಮುಗಿದ ಮೇಲೆ.

ನಮ್ಮ ಸಮ್ಮೇಳನಗಳ ವಿಷಯ ಬೇರೆ ಹೇಳಬೇಕೆ. 1917ರಲ್ಲೇ ಸೈನ್ಸ್ ಕಾಂಗ್ರೆಸ್ ಸೇರಿದ್ದ ಊರು ಬೆಂಗಳೂರು. 1928ರ ಮಾರ್ಚ್ 16ರಂದು ಸಿ. ವಿ. ರಾಮನ್ ದಕ್ಷಿಣ ಭಾರತ ವಿಜ್ಞಾನ ಸಂಘದವರ ಎದುರು ತಾವು ಕಂಡ ಹೊಸ ಬೆಳಕಿನ ವಿಷಯ ವಿವರಿಸಿದ್ದೂ ಇಲ್ಲೇ. ಆವತ್ತು ಹಿಂದಿನ ಸಾಲಿನಲ್ಲಿ ಯಾವ ಹುಡುಗರು ಕೂತಿದ್ದರೋ, ಎದ್ದು ಹೋಗುವಾಗ ಏನು ಮಾತಾಡಿಕೊಂಡರೋ ಎಂಬ ಕುತೂಹಲ ನನಗೆ. ಈಗಿನ ಎಷ್ಟೋ ಒಂದು ದಿನದ ರಾಷ್ಟ್ರೀಯ ವಿಚಾರ ಸಂಕಿರಣಗಳಲ್ಲಿ ದೀಪ, ಹಾರ, ಶಾಲು, ಫಲತಾಂಬೂಲ ಮುಗಿಯುವಷ್ಟರಲ್ಲಿ ಹನ್ನೆರಡೂವರೆ. ಬಡ್ತಿಯ ಕಡತಕ್ಕೆ ಸರ್ಟಿಫಿಕೇಟ್ ಬೇಕಾದವರು ಮಧ್ಯಾಹ್ನವೇ ಬಸ್ ಹತ್ತಿರುತ್ತಾರೆ. ನಾನೂ ಹತ್ತಿದ್ದೇನೆ. ವಿದ್ಯಾರ್ಥಿಗಳ ಸರದಿ ಬರುವುದು ಕುರ್ಚಿಗಳು ಖಾಲಿಯಾದ ಮೇಲೆ.

ಈ ಸಮ್ಮೇಳನದಲ್ಲಿ ನಮ್ಮ ಹುಡುಗಿಯ ಪೋಸ್ಟರಿಗೆ ಕೊಟ್ಟ ಹೊತ್ತು ಒಂದರಿಂದ ಎರಡು. ಊಟದ ಹೊತ್ತೂ ಅದೇ. ಜನವೆಲ್ಲ ಶಾಮಿಯಾನದ ಸಾಲಿನಲ್ಲಿ. ಒಳಗೆ ಅಷ್ಟುದ್ದದ ಹಾಲಿನಲ್ಲಿ ಹುಡುಗ ಹುಡುಗಿಯರು ತಂತಮ್ಮ ಪೋಸ್ಟರಿನ ಪಕ್ಕ ಸಂತೆಯಲ್ಲಿ ಗಿರಾಕಿ ಬಾರದ ವ್ಯಾಪಾರಿಗಳ ಹಾಗೆ ನಿಂತಿದ್ದರು. ಅವಳ ಪೋಸ್ಟರಿನ ಕೆಳಮೂಲೆ ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮೊಣಕಾಲಿನಿಂದ ಒತ್ತಿ ಹಿಡಿದಿದ್ದಳು. ಒಂದೂವರೆಗೆ ಒಬ್ಬ ಹಿರಿಯರು ಮೊಸರನ್ನದ ತಟ್ಟೆ ಹಿಡಿದು ಬಂದರು. ಚಮಚ ಬಾಯಲ್ಲೇ ಇಟ್ಟುಕೊಂಡು ಪೂರ್ತಿ ಓದಿದರು. ಅಭ್ಯಾಸ ಮಾಡಿಕೊಂಡು ಬಂದಿದ್ದ ಇಂಗ್ಲಿಷನ್ನು ಇವಳು ಶುರು ಮಾಡುವ ಮೊದಲೇ ಅವರು ಕೇಳಿದರು: ಈ ಫ್ಲೋರೈಡ್ ನೀರು ಎಲ್ಲಿಯದು?

ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ತೂಗಿ ಹಾಕಿ ಮಾಡಿದ್ದು ಸರ್ ಎಂದಳು. ನಿಮ್ಮೂರ ಬೋರ್‌ವೆಲ್ ನೀರಿನಲ್ಲಿ ಮಾಡಿದಿರಾ? ಇಲ್ಲ ಸರ್. ಅದರಲ್ಲಿ ಬೈಕಾರ್ಬೊನೇಟ್ ಇರುತ್ತಲ್ಲ, ಇದ್ದಿಲಿನ ಮೇಲೆ ಜಾಗಕ್ಕೆ ಫ್ಲೋರೈಡಿನ ಜೊತೆ ಅದೂ ಪೈಪೋಟಿ ಮಾಡುವುದಿಲ್ಲವೇ? ಇವಳು ಸುಮ್ಮನಾದಳು. ಅವರು ಕಾರ್ಡಿಗೆ ಜೇಬು ತಡಕಿದರು, ಸಿಗಲಿಲ್ಲ. ಇವಳ ಕೈಲಿದ್ದ ಕಾಗದವೆಂದರೆ ಮರುದಿನದ ಊಟದ ಕೂಪನ್ ಒಂದೇ. ಅದರ ಹಿಂಬದಿ ಮೇಲ್ ವಿಳಾಸ ಬರೆದುಕೊಟ್ಟು, ಮಾಡಿ ನೋಡಿ, ಏನೂ ಬರದಿದ್ದರೂ ಬರೆಯಿರಿ ಎಂದು ಹೇಳಿ ಕೈತೊಳೆಯಲು ಹೋದರು.

"ಮರ್ಯಾದೆ ಹೋಯ್ತು ಸರ್" ಎಂದಳು. ಕಣ್ಣು ತುಂಬಿತ್ತು.

ಹೋಗಿದ್ದರೆ ಅದು ನನ್ನದು. ಆರು ತಿಂಗಳು ಅವಳ ಬೆನ್ನ ಹಿಂದೆಯೇ ನಿಂತು ನೋಡಿದವನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅದೇ ನೀರು ನಲ್ಲಿಯಲ್ಲಿ ಬರುವ ಊರಿನಲ್ಲಿ ಇದ್ದೇನೆ, ಕುಕ್ಕರಿನ ತಳದಲ್ಲಿ ಅದರ ಬಿಳಿ ಪದರವನ್ನು ದಿನಾ ಉಜ್ಜುತ್ತೇವೆ. ಹತ್ತಿರವಿದ್ದದ್ದೇ ತೊಡಕಾಯಿತೇನೋ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಒಂದು ಪ್ರಬಂಧವಿದೆ. ಪರಿಚಯಸ್ಥರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವನು ಬಾಸ್ಟನ್ ಹತ್ತಿರ ವಿಚಾರಿಸಿದ. ಪದೇ ಪದೇ ಭೇಟಿಯಾಗುವ ಆಪ್ತರಿಂದ ಸುದ್ದಿ ಸಿಕ್ಕಿದ್ದು ಆರರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆ ಕಾಣುವವರಿಂದ, ಮರೆತೇಹೋಗಿದ್ದವರಿಂದ. ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ, ಹೊಸದು ಬರುವುದು ದೂರದವರಿಂದ. ಅವನು ಹೇಳಿದ್ದು ಕೆಲಸದ ಸುದ್ದಿಯ ಮಾತು. ಪ್ರಶ್ನೆಗೂ ಅದು ಸಲ್ಲುತ್ತದೆ ಎಂದು ನನಗೆ ತೋರಿದ್ದು ಆ ಮೊಸರನ್ನದ ತಟ್ಟೆಯ ಎದುರು. ಇಬ್ಬರ ನಡುವೆ ಸೇರುತ್ತಾ ಹೋಗುವ ವಸ್ತು ಪ್ರಶ್ನೆಯೇ ಇರಬಹುದು. ವಶೀಲಿಯಲ್ಲಿ ಯಾರೂ ನಿನ್ನ ಕೆಲಸದ ಬಗ್ಗೆ ಕೇಳುವುದಿಲ್ಲ. ಯಾರ ಕಡೆಯವಳು ಎಂದಷ್ಟೇ ಕೇಳುತ್ತಾರೆ.

ಬಸ್ಸಿನಲ್ಲಿ ಆ ಕಂಡಕ್ಟರ್ ಕೂಡ ಕೇಳಿಯೇ ಇದ್ದ, ಯಾವ ಪಿಚ್ಚರ್‌ದು ಎಂದು. ಆ ಪೋಸ್ಟರಿನಲ್ಲಿದ್ದದ್ದು ಫ್ಲೋರೈಡ್ ನೀರು ಕಂದು ಗೆರೆ ಎಳೆದ ಅವನ ಹಲ್ಲಿನ ಕಥೆ. ಅದನ್ನು ಹೇಳದೆ ಕಿಟಕಿ ನೋಡಿದ ನಾನು, ದೊಡ್ಡವರ ಮುಂದೆ ಮಾತಾಡು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

ಆದರೆ ದೂರದವರ ಹತ್ತಿರ ತಾನಾಗಿ ಹೋಗುವುದು ಎಲ್ಲರ ಕೈಲಾಗುವುದಿಲ್ಲ. 1972ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಗೆ ಹ್ಯೂ ಮಾಂಟ್‌ಗೊಮರಿ ಎಂಬ ಎಳೆಯ ಗಣಿತಜ್ಞ ಬಂದಿದ್ದ. ಟೀ ಹೊತ್ತಿನಲ್ಲಿ, ನಮ್ಮ ಲಾಹೋರಿನಲ್ಲಿ ಪಾಠ ಹೇಳಿ ದೇಶ ವಿಭಜನೆಯ ಕಾಲಕ್ಕೆ ಅಮೆರಿಕಕ್ಕೆ ಹೋಗಿದ್ದ ಸರ್ವದಮನ ಚಾವ್ಲಾ ಅವನಿಗೆ, ಫ್ರೀಮನ್ ಡೈಸನ್ ಅಲ್ಲಿ ನಿಂತಿದ್ದಾರೆ, ಪರಿಚಯ ಮಾಡಿಸುತ್ತೇನೆ ಬಾ ಎಂದರು. ಬೇಡ ಎಂದ. ಅಷ್ಟು ದೊಡ್ಡ ಭೌತವಿಜ್ಞಾನಿಗೆ ಯಾಕೆ ತೊಂದರೆ ಎಂಬ ಹಿಂಜರಿಕೆ. ಚಾವ್ಲಾ ಬಿಡದೆ ಕರೆದುಕೊಂಡು ಹೋದರು. ಏನು ಮಾಡುತ್ತಿದ್ದೀಯ ಎಂದು ಡೈಸನ್ ಕೇಳಿದರು. ಅವಿಭಾಜ್ಯ ಸಂಖ್ಯೆಗಳ ಹಿಂದಿರುವ ರೀಮಾನ್ ಸೊನ್ನೆಗಳು ಎಷ್ಟೆಷ್ಟು ಅಂತರದಲ್ಲಿ ಬೀಳುತ್ತವೆ ಎಂಬುದಕ್ಕೆ ತನಗೆ ದೊರೆತ ಸೂತ್ರ ಹೇಳಿದ. ಭಾರದ ಪರಮಾಣು ಬೀಜಗಳ ಶಕ್ತಿಮಟ್ಟಗಳ ಲೆಕ್ಕದಲ್ಲಿ ಅದೇ ಸೂತ್ರ ಡೈಸನ್‌ಗೆ ಮೊದಲೇ ಗೊತ್ತಿತ್ತು. ಸಂಬಂಧವೇ ಇಲ್ಲದ ಎರಡು ಶಾಸ್ತ್ರಗಳು ಟೀ ಲೋಟ ಹಿಡಿದು ಮುಖಾಮುಖಿಯಾದವು. ಆ ಸೂತ್ರದ ಚರಿತ್ರೆಯಲ್ಲಿ ಮಾಂಟ್‌ಗೊಮರಿ, ಡೈಸನ್ ಹೆಸರುಗಳಿವೆ. ನನಗೆ ಚಾವ್ಲಾ ಮುಖ್ಯ. ಅವರು ಮಾಡಿದ್ದು ಒಂದಿಷ್ಟು ಬಲವಂತ, ಅಷ್ಟೇ.

ಮರುದಿನ ಟೀ ಹೊತ್ತಿನಲ್ಲಿ ನನ್ನ ಹಳೆಯ ಸಹಪಾಠಿಗಳ ಗುಂಪು ಬಿಟ್ಟು ಬಂದು ಅವಳನ್ನು ಕರೆದುಕೊಂಡು ಓಡಾಡಿದೆ. ದೊಡ್ಡವರಿಬ್ಬರು ತಲೆಯಾಡಿಸಿ ಮುಂದೆ ಹೋದರು. ಒಬ್ಬರಂತೂ ಮಾತಿನ ನಡುವೆ ಫೋನ್ ತೆಗೆದರು. ಕೊನೆಗೆ ಅವಳಿಗಿಂತ ಮೂರು ನಾಲ್ಕು ವರ್ಷ ದೊಡ್ಡವರಾದ ರಿಸರ್ಚ್ ಸ್ಕಾಲರ್‌ಗಳ ಗುಂಪೊಂದರ ಹತ್ತಿರ ಬಿಟ್ಟೆ. ಅರ್ಧ ಗಂಟೆ ಅವರು ಇವಳಿಗೆ ಹೇಳಿದ್ದು ಯಾವ ಭಾಷಣದಲ್ಲೂ ಬರುವಂಥದ್ದಲ್ಲ: ಎಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆ ಖಾಲಿಯಾಗಲಿದೆ, ಯಾವ ಗೈಡ್ ಬರೆದದ್ದನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ, ಇಂಟರ್‌ವ್ಯೂನಲ್ಲಿ ಗೊತ್ತಿಲ್ಲ ಎನ್ನುವುದು ಹೇಗೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿಗೆ ಮೇಷ್ಟ್ರುಗಳೂ ಅರ್ಜಿ ಹಾಕಬಹುದೆಂದು ಒಬ್ಬ ನನ್ನ ಕಡೆ ತಿರುಗಿ ಹೇಳಿದ. ಅವನಿಗೆ ಧಾರವಾಡದ ಕನ್ನಡ, ಇವಳಿಗೆ ತೆಲುಗು ಬೆರೆತ ಕನ್ನಡ. ಇಂಗ್ಲಿಷಿನ ಭಯ ಯಾವಾಗ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ.

ಮಧ್ಯಾಹ್ನ ಊಟದ ಸಾಲಿನಲ್ಲಿ ಅವಳು ಕಾಣಲಿಲ್ಲ. ಹುಡುಕಿದರೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕೂಪನ್ ಕೊಟ್ಟರೆ ವಿಳಾಸ ಹೋಗುತ್ತದಂತೆ. ಅಲ್ಲಮ್ಮ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಆಗಲಿಲ್ಲವೇ ಎಂದೆ. ತೆಗೆದುಕೊಂಡಿದ್ದೇನೆ ಸರ್, ಆದರೂ ಎಂದಳು. ಗೇಟಿನ ಹೊರಗಿನ ಗಾಡಿಯಲ್ಲಿ ಇಬ್ಬರೂ ರೈಸ್‌ಬಾತ್ ತಿಂದೆವು.

ಊರಿಗೆ ಬಂದ ಮೇಲೆ ಮೂರು ಬೋರ್‌ವೆಲ್‌ಗಳ ನೀರು ತುಂಬಿಸಿ ತಂದು ಪ್ರಯೋಗವನ್ನು ಮೊದಲಿಂದ ಮಾಡಿದಳು. ಹದಿನೆಂಟು ದಿನ ಹಿಡಿಯಿತು. ಆಮೇಲೆ ಮೇಲ್ ಬರೆಯಲು ಕೂತೆವು. ರೆಸ್ಪೆಕ್ಟೆಡ್ ಸರ್ ಎನ್ನಬೇಕೋ ಡಿಯರ್ ಡಾಕ್ಟರ್ ಎನ್ನಬೇಕೋ ಎಂದು ಅರ್ಧ ಗಂಟೆ ಚರ್ಚೆ. ತಾನು ಯಾರು, ಎಲ್ಲಿ ಭೇಟಿಯಾದದ್ದು, ಎಷ್ಟು ಪರ್ಸೆಂಟ್ ಮಾರ್ಕ್ಸ್, ಪಿಎಚ್‌ಡಿ ಮಾಡುವ ಆಸೆ ಎಲ್ಲ ಬರೆದಿದ್ದಳು. ಓದಿ ನೋಡಿ ತಾನೇ ಅಳಿಸಿದಳು. ಮೊದಲ ಸಾಲಿನಲ್ಲಿ ಇಷ್ಟೇ ಉಳಿಸಿದಳು: ಬೋರ್‌ವೆಲ್ ನೀರಿನಲ್ಲಿ ಇದ್ದಿಲು ಹೀರುವುದು ಅರ್ಧಕ್ಕರ್ಧ ಇಳಿಯಿತು, ಒಂದು ಬೋರ್‌ವೆಲ್ಲಿನಲ್ಲಿ ಮಾತ್ರ ಇಳಿಯಲಿಲ್ಲ, ಯಾಕೆಂದು ಗೊತ್ತಾಗುತ್ತಿಲ್ಲ.

ಕಳಿಸು ಎಂದೆ. ಕಳಿಸಿ, ಬೀಕರ್ ತೊಳೆಯಲು ಎದ್ದುಹೋದಳು.